ಕಿಟಕಿಯಿಂದ ಹೊರಗೆಸೆಯುವುದಕ್ಕೂ ಒಂದು ಪದ: ಡಿಫೆನೆಸ್ಟ್ರೇಷನ್

ಆಂಗ್ಲ ಭಾಷೆಯಲ್ಲಿ ‘ಡಿಫೆನೆಸ್ಟ್ರೇಷನ್’ ಎಂಬುದೊಂದು ಪದವಿದೆ. ಉಚ್ಚರಿಸಲು ತುಸು ಪ್ರಯಾಸವೆನಿಸುವ ಈ ಪದದ ಅರ್ಥ ಮಾತ್ರ ಬಹಳ ಸರಳ: ವ್ಯಕ್ತಿಯನ್ನಾಗಲಿ ವಸ್ತುವನ್ನಾಗಲಿ ಕಿಟಕಿಯಿಂದ ಹೊರಕ್ಕೆ ಎಸೆಯುವುದು. ಬಾಗಿಲಿನಿಂದ ನೂಕಿದರೆ ಈ ಪದ ಸಲ್ಲದು. ಮಾಳಿಗೆಯಿಂದ ತಳ್ಳಿದರೂ ಸಲ್ಲದು. ಕಿಟಕಿಯೇ ಆಗಬೇಕು.

ಇಷ್ಟು ನಿರ್ದಿಷ್ಟವಾದ ಕ್ರಿಯೆಗೆ ಪ್ರತ್ಯೇಕ ಪದವೊಂದರ ಅಗತ್ಯವೇನಿತ್ತು ಎಂಬ ಪ್ರಶ್ನೆ ಸಹಜ. ಪದಗಳು ಅಗತ್ಯವಿಲ್ಲದೆ ಹುಟ್ಟುವುದಿಲ್ಲ. ಈ ಪದದ ಹಿಂದೆ ಒಂದು ನಗರವಿದೆ, ಒಂದು ಕಿಟಕಿಯಿದೆ, ಆ ಕಿಟಕಿಯ ಕೆಳಗಿನಿಂದ ಆರಂಭವಾಗಿ ಮೂವತ್ತು ವರ್ಷ ಯುರೋಪನ್ನು ಸುಟ್ಟ ಯುದ್ಧವಿದೆ. ಆ ಯುದ್ಧದ ಮೂಲದಲ್ಲಿದ್ದುದು ಒಂದು ರಾಜಪತ್ರದ ಪದವೊಂದನ್ನು ಹೇಗೆ ಅರ್ಥೈಸಬೇಕೆಂಬ ವ್ಯಾಜ್ಯ.

ಪದದ ಮೂಲ

ಪದವನ್ನು ಬಿಡಿಸಿದರೆ ಎರಡು ಲ್ಯಾಟಿನ್ ತುಣುಕುಗಳು ದೊರೆಯುತ್ತವೆ. ಮೊದಲನೆಯದು ‘ಡೆ’ ಎಂಬ ಉಪಸರ್ಗ. ‘ಇಂದ’, ‘ಕೆಳಕ್ಕೆ’, ‘ದೂರಕ್ಕೆ’ ಎಂಬುದು ಅದರ ಅರ್ಥ. ಪತ್ರಿಕೆ ಓದುವವರಿಗೆ ಪರಿಚಿತವಾದ ‘ಡಿಪೋರ್ಟ್’, ಅಂದರೆ ಗಡೀಪಾರು, ಹಾಗೂ ‘ಡಿಗ್ರೇಡ್’, ಅಂದರೆ ಕೆಳದರ್ಜೆಗೆ ಇಳಿಸುವಿಕೆ, ಮುಂತಾದ ಪದಗಳ ಆರಂಭದಲ್ಲಿರುವುದೂ ಇದೇ ಉಪಸರ್ಗ. ಎರಡನೆಯದು ‘ಫೆನೆಸ್ಟ್ರ’. ಲ್ಯಾಟಿನ್ನಿನಲ್ಲಿ ಇದಕ್ಕೆ ಕಿಟಕಿಯೆಂದು ಅರ್ಥ. ಕ್ರಿಯೆಯನ್ನು ಸೂಚಿಸುವ ಪ್ರತ್ಯಯ ಕೊನೆಯಲ್ಲಿ ಸೇರಿ ‘ಕಿಟಕಿಯಿಂದ ಕೆಳಕ್ಕೆ ಎಸೆಯುವಿಕೆ’ ಎಂಬ ಪದ ಸಿದ್ಧವಾಗುತ್ತದೆ.

ಫೆನೆಸ್ಟ್ರದ ಸಂತತಿ ಯುರೋಪಿನಲ್ಲೆಲ್ಲ ಹರಡಿದೆ. ಫ್ರೆಂಚರ ‘ಫೆನೆತ್ರ್’, ಇಟಲಿಯವರ ‘ಫಿನೆಸ್ತ್ರ’, ಜರ್ಮನರ ‘ಫೆನ್‌ಸ್ಟರ್’ ಎಲ್ಲವೂ ಅದರಿಂದಲೇ ಬಂದವು. ಫೆನೆಸ್ಟ್ರಕ್ಕೆ ಮೂಲವಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ರೋಮನರಿಗಿಂತ ಮೊದಲು ಮಧ್ಯ ಇಟಲಿಯಲ್ಲಿ ನೆಲೆಸಿದ್ದ ಎಟ್ರಸ್ಕನ್ನರ ಭಾಷೆಯಿಂದ ಅದು ಬಂದಿರಬಹುದೆಂಬುದು ಹಲವರ ಊಹೆ.

ಇಂಗ್ಲಿಷಿನಲ್ಲಿಯೂ ಒಂದು ಕಾಲದಲ್ಲಿ ಕಿಟಕಿಗೆ ‘ಫೆನೆಸ್ಟರ್’ ಎಂಬ ಪದ ಬಳಕೆಯಲ್ಲಿತ್ತು. ಹದಿನಾರನೆಯ ಶತಮಾನದ ನಡುವಿನ ಹೊತ್ತಿಗೆ ಅದು ಹಿಂದೆ ಸರಿದು ‘ವಿಂಡೋ’ ಒಂದೇ ಉಳಿಯಿತು. ಹೀಗಾಗಿ ಇಂಗ್ಲಿಷರ ಮನೆಗಳಲ್ಲಿ ಇಂದು ಇರುವುದು ವಿಂಡೋ; ಆದರೆ ಯಾರನ್ನಾದರೂ ಅದರಿಂದ ಹೊರಗೆಸೆದರೆ ಮಾತ್ರ ಫೆನೆಸ್ಟ್ರದ ನೆನಪಾಗುತ್ತದೆ.

ಕಿಟಕಿಯೆಂಬ ಕಣ್ಣು

‘ವಿಂಡೋ’ ಪದದ ಹುಟ್ಟೂ ಸ್ವಾರಸ್ಯಕರವಾದುದೇ. ಅದು ಹಳೆಯ ನಾರ್ಸ್ ಭಾಷೆಯ ‘ವಿಂಡೌಗ’ ಎಂಬುದರಿಂದ ಬಂದಿದೆ. ‘ವಿಂಡ್’ ಎಂದರೆ ಗಾಳಿ, ‘ಔಗ’ ಎಂದರೆ ಕಣ್ಣು. ಹಾಗಾದರೆ ಕಿಟಕಿಯೆಂದರೆ ‘ಗಾಳಿಗಣ್ಣು’. ಚೆಕ್ ಭಾಷೆಯಲ್ಲಿ ಕಿಟಕಿಗೆ ‘ಓಕ್ನೊ’ ಎನ್ನುತ್ತಾರೆ; ಅಲ್ಲಿ ಕಣ್ಣಿಗೆ ‘ಓಕೊ’ ಎಂದು ಹೆಸರು. ಸಂಸ್ಕೃತದ ‘ಗವಾಕ್ಷ’ವನ್ನು ಬಿಡಿಸಿದರೆ ಗೋವಿನ ಅಕ್ಷಿ, ಅಂದರೆ ಹಸುವಿನ ಕಣ್ಣು. ಪರಸ್ಪರ ದೂರದಲ್ಲಿದ್ದ ಜನಸಮುದಾಯಗಳು ಗೋಡೆಯ ರಂಧ್ರವನ್ನು ಕಂಡು ಒಂದೇ ಹೋಲಿಕೆಯನ್ನು ಮಾಡಿಕೊಂಡಿರುವುದು ಗಮನಾರ್ಹ. ಗಾಳಿಯ ದಾರಿಯೆಂಬ ಅರ್ಥದ ‘ವಾತಾಯನ’ವೂ ಸಂಸ್ಕೃತದಲ್ಲಿ ಉಂಟು.

ಕನ್ನಡಿಗರಿಗೆ ಕಿಟಕಿಯ ಪದಗಳಿಗೇನೂ ಬಡತನವಿಲ್ಲ. ಬೆಳಕು ಬರಲೆಂದು ಬಿಟ್ಟ ರಂಧ್ರ ‘ಬೆಳಕಿಂಡಿ’. ಬೇಲೂರಿನ ಚೆನ್ನಕೇಶವ ದೇಗುಲದ ಗೋಡೆಗಳಲ್ಲಿರುವ ರಂಧ್ರಮಯ ಶಿಲಾಫಲಕಗಳು ‘ಜಾಲಂಧ್ರ’ಗಳು. ಉಡುಪಿಯ ಕನಕನ ಕಿಂಡಿಯ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಕರಾವಳಿಯ ಕೊಂಕಣಿಯಲ್ಲಿ ಕಿಟಕಿಗೆ ‘ಜನೆಲ್’ ಎನ್ನುತ್ತಾರೆ. ತಮಿಳರ ‘ಜನ್ನಲ್’ ಕೂಡ ಅದೇ ಕುಟುಂಬದ್ದು. ಇವೆರಡೂ ಪೋರ್ಚುಗೀಸರ ‘ಜನೇಲ’ದಿಂದ ಬಂದವು. ಜನೇಲದ ಮೂಲ ಮತ್ತೆ ಲ್ಯಾಟಿನ್ನೇ: ‘ಜಾನುವ’ ಎಂದರೆ ಬಾಗಿಲು, ಅದರ ಕಿರಿದಾದ ರೂಪವೇ ಜನೇಲ, ಅರ್ಥಾತ್ ಪುಟ್ಟ ಬಾಗಿಲು. ಬಾಗಿಲುಗಳ ಅಧಿದೇವತೆಯಾದ ಜೇನಸ್‌ನ ಹೆಸರಿನಿಂದಲೇ ವರ್ಷದ ಮೊದಲ ತಿಂಗಳಾದ ಜನವರಿ ಹೆಸರು ಪಡೆಯಿತು. ಹೀಗೆ ಮಂಗಳೂರಿನ ಕೊಂಕಣಿ ಮನೆಯ ಜನೆಲ್ಲಿಗೂ ಗೋಡೆಯ ಮೇಲಿನ ಕ್ಯಾಲೆಂಡರಿನ ಮೊದಲ ಹಾಳೆಗೂ ದೂರದ ನೆಂಟಸ್ತಿಕೆಯಿದೆ.

ಮೊದಲ ಪತನ: 1419

ಡಿಫೆನೆಸ್ಟ್ರೇಷನ್ನಿಗೆ ತವರೂರು ಬೊಹೀಮಿಯದ ರಾಜಧಾನಿಯಾಗಿದ್ದ ಪ್ರಾಗ್. ಇಂದು ಅದು ಚೆಕ್ ಗಣರಾಜ್ಯದ ರಾಜಧಾನಿ. ಅಲ್ಲಿ ಜನರನ್ನು ಕಿಟಕಿಯಿಂದ ಎಸೆದದ್ದು ಒಮ್ಮೆಯಲ್ಲ.

ಮೊದಲ ಘಟನೆಯ ಬೀಜ ಬಿದ್ದದ್ದು 1415ರಲ್ಲಿ. ಚರ್ಚಿನ ಸುಧಾರಣೆಗೆ ಒತ್ತಾಯಿಸಿದ ಬೊಹೀಮಿಯದ ಧರ್ಮಬೋಧಕ ಯಾನ್ ಹುಸ್‌ನನ್ನು ಆ ವರ್ಷದ ಜುಲೈ 6ರಂದು ಕಾನ್‌ಸ್ಟನ್ಸ್ ನಗರದಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಜೀವಂತ ಸುಡಲಾಯಿತು. ಅವನ ಅನುಯಾಯಿಗಳಾದ ಹುಸ್ಸೈಟರು ಪ್ರಬಲರಾದಂತೆಲ್ಲ ನಗರದಲ್ಲಿ ತಿಕ್ಕಾಟ ಹೆಚ್ಚಿತು. ಪ್ರಭುಭೋಜನದ ವೇಳೆ ರೊಟ್ಟಿಯ ಜೊತೆಗೆ ದ್ರಾಕ್ಷಾರಸದ ಪಾತ್ರೆಯೂ ಸಾಮಾನ್ಯ ಭಕ್ತರಿಗೆ ದೊರೆಯಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು.

1419ರ ಜುಲೈ 30ರಂದು ಯಾನ್ ಝೆಲಿವ್‌ಸ್ಕಿ ಎಂಬ ಹುಸ್ಸೈಟ್ ಪಾದ್ರಿಯ ನೇತೃತ್ವದಲ್ಲಿ ಮೆರವಣಿಗೆಯೊಂದು ಪ್ರಾಗ್‌ನ ಹೊಸಪೇಟೆಯ ಪುರಭವನದತ್ತ ಸಾಗಿತು. ಸೆರೆಯಲ್ಲಿದ್ದ ತಮ್ಮವರನ್ನು ಬಿಡಬೇಕೆಂಬುದು ಅವರ ಆಗ್ರಹ. ಪುರಭವನದ ಕಿಟಕಿಯಿಂದ ಮೆರವಣಿಗೆಯ ಮೇಲೆ ಕಲ್ಲೊಂದು ಬಿತ್ತೆಂದು ಹೇಳಲಾಗುತ್ತದೆ. ಕೆರಳಿದ ಜನ ಒಳನುಗ್ಗಿ ಪುರಪ್ರಮುಖರನ್ನು ಹಿಡಿದು ಅದೇ ಕಿಟಕಿಗಳಿಂದ ಕೆಳಕ್ಕೆಸೆದರು. ಕೆಳಗೆ ಶಸ್ತ್ರಧಾರಿಗಳು ಕಾದಿದ್ದರು, ಬಿದ್ದವರು ಉಳಿಯಲಿಲ್ಲ. ಸುದ್ದಿ ಕೇಳಿ ಆಘಾತಗೊಂಡ ದೊರೆ ನಾಲ್ಕನೆಯ ವೆನ್ಸೆಸ್ಲಾಸ್ ಕೆಲವೇ ವಾರಗಳಲ್ಲಿ, ಆಗಸ್ಟ್ 16ರಂದು ತೀರಿಕೊಂಡ. ಅನಂತರ ನಡೆದ ಹುಸ್ಸೈಟ್ ಯುದ್ಧಗಳು ಹದಿನೈದು ವರ್ಷಗಳಿಗೂ ಮಿಕ್ಕಿ ನಾಡನ್ನು ಕಾಡಿದವು.

1483ರಲ್ಲಿಯೂ ಪ್ರಾಗ್‌ನಲ್ಲಿ ಇಂಥದೇ ಘಟನೆ ನಡೆಯಿತು. ಆದರೆ ಅದು 1485ರ ಧಾರ್ಮಿಕ ಒಪ್ಪಂದಕ್ಕೆ ದಾರಿಮಾಡಿತು. ಕ್ಯಾಥೊಲಿಕರಿಗೂ ಹುಸ್ಸೈಟರಿಗೂ ಸಮಾನ ಮಾನ್ಯತೆ ದೊರೆಯಿತು. ಯುದ್ಧಕ್ಕೆ ಕಾರಣವಾಗದ ಕಾರಣಕ್ಕೋ ಏನೋ, ಇತಿಹಾಸದ ಜನಪ್ರಿಯ ಪುಸ್ತಕಗಳು ಅದನ್ನು ಅಷ್ಟಾಗಿ ನೆನೆಯುವುದಿಲ್ಲ.

ಒಂದು ಪದದ ವ್ಯಾಜ್ಯ

ಡಿಫೆನೆಸ್ಟ್ರೇಷನ್ ಎಂಬ ಪದವನ್ನೇ ಜಗತ್ತಿಗೆ ಕೊಟ್ಟ ಘಟನೆ ನಡೆದದ್ದು 1618ರ ಮೇ 23ರಂದು. ಅಂದಿನ ಬೊಹೀಮಿಯ ಹ್ಯಾಪ್ಸ್‌ಬರ್ಗ್ ರಾಜವಂಶದ ಆಳ್ವಿಕೆಯಲ್ಲಿತ್ತು. ದೊರೆಗಳು ಕ್ಯಾಥೊಲಿಕರು, ಪ್ರಜೆಗಳಲ್ಲಿ ಹಾಗೂ ಸರದಾರರಲ್ಲಿ ಬಹುಸಂಖ್ಯಾತರು ಕ್ಯಾಥೊಲಿಕೇತರರು. 1609ರ ಜುಲೈ 9ರಂದು ಚಕ್ರವರ್ತಿ ಎರಡನೆಯ ರುಡಾಲ್ಫ್ ಅವರಿಗೆ ಧಾರ್ಮಿಕ ಸ್ವಾತಂತ್ರ್ಯವನ್ನು ಖಾತರಿಪಡಿಸುವ ರಾಜಪತ್ರವನ್ನು ನೀಡಿದ್ದ. ಅದರ ಹಿಂದೆ ಔದಾರ್ಯಕ್ಕಿಂತ ಅನಿವಾರ್ಯತೆಯೇ ಹೆಚ್ಚಾಗಿತ್ತು. ಸ್ವಂತ ಸೋದರ ಮಥಿಯಾಸ್‌ನೊಡನೆ ಅಧಿಕಾರಕ್ಕಾಗಿ ಸೆಣಸುತ್ತಿದ್ದ ರುಡಾಲ್ಫನಿಗೆ ಸರದಾರರ ಬೆಂಬಲ ಬೇಕಾಗಿತ್ತು.

ರಾಜಪತ್ರ ಹಾಗೂ ಅದರ ಜೊತೆಗಿನ ಒಡಂಬಡಿಕೆಯ ಪ್ರಕಾರ ‘ರಾಜಭೂಮಿ’ಯಲ್ಲಿ ಪ್ರಾಟೆಸ್ಟೆಂಟರು ಪ್ರಾರ್ಥನಾಮಂದಿರ ಕಟ್ಟಿಕೊಳ್ಳಬಹುದಾಗಿತ್ತು. ಗೊಂದಲ ಹುಟ್ಟಿದ್ದು ಇಲ್ಲಿಯೇ. ರಾಜಭೂಮಿ ಎಂದರೆ ಯಾವುದು? ಕ್ಯಾಥೊಲಿಕ್ ಚರ್ಚಿನ ಒಡೆತನದ ಭೂಮಿಯೂ ಅಂತಿಮವಾಗಿ ರಾಜನದೇ, ಆದ್ದರಿಂದ ಅಲ್ಲಿಯೂ ಕಟ್ಟುವ ಹಕ್ಕಿದೆ ಎಂದು ಪ್ರಾಟೆಸ್ಟೆಂಟರು ವಾದಿಸಿದರು. ಚರ್ಚಿನ ಭೂಮಿ ಚರ್ಚಿನದು, ರಾಜಪತ್ರ ಅದಕ್ಕೆ ಅನ್ವಯಿಸದು ಎಂಬುದು ಕ್ಯಾಥೊಲಿಕರ ನಿಲುವು. ಬ್ರೌಮೊವ್ ಎಂಬಲ್ಲಿ ಕ್ರೈಸ್ತ ಮಠವೊಂದರ ಭೂಮಿಯಲ್ಲಿ, ಹ್ರೊಬ್ ಎಂಬಲ್ಲಿ ಪ್ರಾಗ್‌ನ ಆರ್ಚ್‌ಬಿಷಪ್ಪನ ಭೂಮಿಯಲ್ಲಿ ಪ್ರಾಟೆಸ್ಟೆಂಟರು ಮಂದಿರಗಳನ್ನು ಕಟ್ಟಿದರು. ಮೊದಲನೆಯದನ್ನು ಮುಚ್ಚಲು ಆಜ್ಞೆಯಾಯಿತು, ಎರಡನೆಯದನ್ನು ಕೆಡವಲಾಯಿತು.

1617ರಲ್ಲಿ ಕಟ್ಟಾ ಕ್ಯಾಥೊಲಿಕನಾದ ಫರ್ಡಿನೆಂಡ್ ಬೊಹೀಮಿಯದ ಮುಂದಿನ ದೊರೆಯೆಂದು ಅಂಗೀಕೃತನಾದಾಗ ಪ್ರಾಟೆಸ್ಟೆಂಟರ ಆತಂಕ ಇಮ್ಮಡಿಸಿತು. 1618ರ ಮಾರ್ಚ್‌ನಲ್ಲಿ ಅವರು ಪ್ರಾಗ್‌ನಲ್ಲಿ ಸಭೆ ಸೇರಿ ವಿಯೆನ್ನಾದಲ್ಲಿದ್ದ ಚಕ್ರವರ್ತಿ ಮಥಿಯಾಸ್‌ಗೆ ಮನವಿ ಕಳುಹಿಸಿದರು. ಬಂದ ಉತ್ತರ ಕಠೋರವಾಗಿತ್ತು: ಇನ್ನು ಮುಂದೆ ಸಭೆ ಸೇರಕೂಡದು. ಈ ಉತ್ತರವನ್ನು ಬರೆದವರು ಚಕ್ರವರ್ತಿಯಲ್ಲ, ಪ್ರಾಗ್‌ನಲ್ಲಿಯೇ ಕುಳಿತ ರಾಜಪ್ರತಿನಿಧಿಗಳು ಎಂಬ ಸಂಶಯ ಬಲವಾಗಿ ಬೇರೂರಿತು.

ಕಿಟಕಿಯ ಬಳಿ

ಮೇ 23ರ ಬೆಳಗ್ಗೆ ಕೌಂಟ್ ಥುರ್ನ್‌ನ ಮುಂದಾಳುತನದಲ್ಲಿ ಸರದಾರರ ಗುಂಪು ಪ್ರಾಗ್ ಕೋಟೆಯ ಆಡಳಿತ ಕಚೇರಿಗೆ ನುಗ್ಗಿತು. ಅಲ್ಲಿದ್ದ ರಾಜಪ್ರತಿನಿಧಿಗಳು ನಾಲ್ವರು. ಆ ಪತ್ರವನ್ನು ಬರೆದವರು ನೀವೇನೋ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗಲಿಲ್ಲ. ನಾಲ್ವರಲ್ಲಿ ಇಬ್ಬರು ಸೌಮ್ಯ ಸ್ವಭಾವದವರೆಂದು ಅವರನ್ನು ಹೊರಗೆ ಕಳುಹಿಸಲಾಯಿತು. ಉಳಿದವರು ಯಾರೊಸ್ಲಾವ್ ಮಾರ್ಟಿನಿಟ್ಸ್ ಹಾಗೂ ವಿಲೆಮ್ ಸ್ಲಾವಾಟ. ಇವರಿಬ್ಬರೂ ರಾಜಪತ್ರವನ್ನು ಮೊದಲಿನಿಂದ ವಿರೋಧಿಸಿದವರು.

ಮೊದಲು ಮಾರ್ಟಿನಿಟ್ಸ್ ಕಿಟಕಿಯಿಂದ ಹೊರಗೆ ಬಿದ್ದ. ಅನಂತರ ಸ್ಲಾವಾಟನ ಸರದಿ. ಆತ ಕಿಟಕಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಾಗ ಕತ್ತಿಯ ಹಿಡಿಯಿಂದ ಬೆರಳುಗಳ ಮೇಲೆ ಬಡಿದು ಬಿಡಿಸಲಾಯಿತೆಂದು ವೃತ್ತಾಂತಗಳು ಹೇಳುತ್ತವೆ. ಕೊನೆಗೆ, ಇದಾವುದರಲ್ಲೂ ಹೆಚ್ಚಿನ ಪಾತ್ರವಿಲ್ಲದ ಕಾರ್ಯದರ್ಶಿ ಫಿಲಿಪ್ ಫ್ಯಾಬ್ರಿಸಿಯಸ್‌ನನ್ನೂ ಅದೇ ದಾರಿಯಲ್ಲಿ ಕಳುಹಿಸಲಾಯಿತು. ಕಿಟಕಿಯಿಂದ ಕೆಳಗಿನ ಕಂದಕಕ್ಕೆ ಸುಮಾರು 20 ಮೀಟರ್ ಎತ್ತರವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಅಚ್ಚರಿಯೆಂದರೆ ಮೂವರೂ ಬದುಕಿ ಉಳಿದರು. ಹೇಗೆ ಉಳಿದರೆಂಬ ಬಗ್ಗೆ ಅಂದೇ ಎರಡು ಪಕ್ಷಗಳಾದವು. ದೇವದೂತರು ಗಾಳಿಯಲ್ಲೇ ಎತ್ತಿಹಿಡಿದರು, ಮಾತೆ ಮೇರಿಯ ಕೃಪೆ ಕಾಪಾಡಿತು ಎಂದು ಕ್ಯಾಥೊಲಿಕರು ಸಾರಿದರು. ಕೆಳಗೆ ತಿಪ್ಪೆಯಿತ್ತು, ಅದೇ ಕಾಪಾಡಿತು ಎಂಬುದು ಪ್ರಾಟೆಸ್ಟೆಂಟರ ಪ್ರತ್ಯುತ್ತರ. ಕೋಟೆಯ ಗೋಡೆಯ ಇಳಿಜಾರು, ತೊಟ್ಟಿದ್ದ ದಪ್ಪ ನಿಲುವಂಗಿಗಳು ಹಾಗೂ ಕಂದಕದ ಮೃದು ನೆಲ ಬೀಳುವಿಕೆಯ ಹೊಡೆತವನ್ನು ತಗ್ಗಿಸಿರಬಹುದೆಂಬುದು ಇತಿಹಾಸಕಾರರ ವಿವರಣೆ. ದೇವದೂತರೋ ತಿಪ್ಪೆಯೋ ಎಂಬ ಚರ್ಚೆಯಲ್ಲಿ ಯುರೋಪಿನ ಕರಪತ್ರಗಳು ಮುಳುಗಿದ್ದಾಗಲೇ ಎರಡೂ ಕಡೆ ಸೈನ್ಯ ಜಮಾವಣೆ ಆರಂಭವಾಗಿತ್ತು.

ಕಾರ್ಯದರ್ಶಿ ಫ್ಯಾಬ್ರಿಸಿಯಸ್ ವಿಯೆನ್ನಾಕ್ಕೆ ಧಾವಿಸಿ ಸುದ್ದಿ ಮುಟ್ಟಿಸಿದ. ಮುಂದೆ ಅವನಿಗೆ ಸರದಾರ ಪದವಿ ದೊರೆಯಿತು. ಆ ಪದವಿಯ ಜೊತೆಗೆ ಬಂದ ಹೆಸರು ‘ಹೋಹೆನ್‌ಫಾಲ್’. ಜರ್ಮನ್ ಭಾಷೆಯಲ್ಲಿ ಇದರ ಅರ್ಥ ‘ಎತ್ತರದ ಪತನ’. ಬಿದ್ದದ್ದನ್ನೇ ಬಿರುದಾಗಿ ಪಡೆದವರು ಚರಿತ್ರೆಯಲ್ಲಿ ವಿರಳ.

ಬಿದ್ದವರು ಉಳಿದರು, ನಾಡು ಬಿದ್ದಿತು

ಕಿಟಕಿಯಿಂದ ಬಿದ್ದ ಮೂವರಲ್ಲಿ ಒಬ್ಬನೂ ಸಾಯಲಿಲ್ಲ. ಆದರೆ ಅನಂತರ ಸತ್ತವರ ಲೆಕ್ಕ ಲಕ್ಷಗಳಲ್ಲಿದೆ. 1619ರಲ್ಲಿ ಬೊಹೀಮಿಯದ ಸರದಾರರು ಫರ್ಡಿನೆಂಡನನ್ನು ಪದಚ್ಯುತಗೊಳಿಸಿ ಜರ್ಮನಿಯ ಐದನೆಯ ಫ್ರೆಡರಿಕ್‌ನನ್ನು ಸಿಂಹಾಸನಕ್ಕೆ ತಂದರು. 1620ರ ನವೆಂಬರ್ 8ರಂದು ಪ್ರಾಗ್‌ನ ಹೊರವಲಯದ ಬಿಳಿಬೆಟ್ಟದ ಕದನದಲ್ಲಿ ಕೆಲವೇ ಗಂಟೆಗಳಲ್ಲಿ ಅವರ ಸೈನ್ಯ ನುಚ್ಚುನೂರಾಯಿತು. ಒಂದೇ ಚಳಿಗಾಲ ಆಳಿದ್ದರಿಂದ ಫ್ರೆಡರಿಕ್‌ಗೆ ‘ಚಳಿಗಾಲದ ದೊರೆ’ ಎಂಬ ಅಡ್ಡಹೆಸರು ಅಂಟಿಕೊಂಡಿತು.

1621ರ ಜೂನ್ 21ರಂದು ಬಂಡಾಯದ 27 ಮಂದಿ ಮುಂದಾಳುಗಳನ್ನು ಪ್ರಾಗ್‌ನ ಹಳೆಪೇಟೆಯ ಚೌಕದಲ್ಲಿ ಗಲ್ಲಿಗೇರಿಸಲಾಯಿತು ಇಲ್ಲವೇ ಶಿರಚ್ಛೇದ ಮಾಡಲಾಯಿತು. ಅವರಲ್ಲಿ ಹನ್ನೆರಡು ಮಂದಿಯ ತಲೆಗಳನ್ನು ಸೇತುವೆಯ ಗೋಪುರಕ್ಕೆ ತೂಗುಹಾಕಿ ಹತ್ತು ವರ್ಷ ಹಾಗೆಯೇ ಬಿಡಲಾಗಿತ್ತು. ಚೌಕದ ನೆಲಹಾಸಿನಲ್ಲಿ ಹುದುಗಿಸಿರುವ 27 ಶಿಲುಬೆಗಳನ್ನು ಪ್ರವಾಸಿಗರು ಇಂದಿಗೂ ಕಾಣಬಹುದು.

1627ರಲ್ಲಿ ಬೊಹೀಮಿಯಕ್ಕೆ ಹೊಸ ಸಂವಿಧಾನವನ್ನು ಹೇರಲಾಯಿತು. ಕ್ಯಾಥೊಲಿಕ್ ಮತವೊಂದಕ್ಕೇ ಮಾನ್ಯತೆ ಉಳಿಯಿತು. ಚೆಕ್ ಭಾಷೆಯ ಸರಿಸಮಾನ ಸ್ಥಾನವನ್ನು ಜರ್ಮನ್ ಭಾಷೆಗೂ ನೀಡಲಾಯಿತು. ಮತಾಂತರಕ್ಕೊಪ್ಪದ ಸರದಾರರು, ವಿದ್ವಾಂಸರು ನಾಡು ತೊರೆದರು. ಆಧುನಿಕ ಶಿಕ್ಷಣ ಚಿಂತನೆಯ ಪ್ರವರ್ತಕರಲ್ಲಿ ಒಬ್ಬನೆಂದು ಗಣ್ಯನಾದ ಕೊಮೇನಿಯಸ್ ಕೂಡ 1628ರಲ್ಲಿ ಹೊರಟವನು ಮರಳಲಿಲ್ಲ. ಹೆಸರಿಗೆ ಸಮಾನವಾಗಿದ್ದ ಚೆಕ್ ಭಾಷೆ ಕ್ರಮೇಣ ಆಡಳಿತದಿಂದಲೂ ಉನ್ನತ ವಿದ್ಯೆಯಿಂದಲೂ ಹಿಂದೆ ಸರಿಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನವೋದಯ ಆರಂಭವಾಗುವವರೆಗೂ ಅದು ಬಹುಮಟ್ಟಿಗೆ ಹಳ್ಳಿಗರ ನಾಲಗೆಯಲ್ಲಿಯೇ ಉಸಿರಾಡಿತು. ಆಡಳಿತದಲ್ಲಿ ತಾಯ್ನುಡಿಯ ಸ್ಥಾನಕ್ಕಾಗಿ ಹೋರಾಡಿದ ಯಾವುದೇ ಸಮುದಾಯಕ್ಕೆ ಈ ಅಧ್ಯಾಯದ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೊಹೀಮಿಯದಲ್ಲಿ ಹೊತ್ತಿದ ಕಿಚ್ಚಿಗೆ ಡೆನ್ಮಾರ್ಕ್, ಸ್ವೀಡನ್, ಫ್ರಾನ್ಸ್, ಸ್ಪೇನ್ ಒಂದೊಂದಾಗಿ ಧುಮುಕಿದವು. ಧರ್ಮದ ಹೆಸರಿನಲ್ಲಿ ಆರಂಭವಾದದ್ದು ಅಧಿಕಾರದ ಕಾಳಗವಾಗಿ ಬದಲಾಯಿತು; ಕ್ಯಾಥೊಲಿಕ್ ಫ್ರಾನ್ಸ್ ಪ್ರಾಟೆಸ್ಟೆಂಟ್ ಸ್ವೀಡನ್ನಿನ ಪರವಾಗಿ ನಿಂತದ್ದೇ ಇದಕ್ಕೆ ಸಾಕ್ಷಿ. 1648ರ ವೆಸ್ಟ್‌ಫಾಲಿಯ ಶಾಂತಿ ಒಪ್ಪಂದದವರೆಗೆ ನಡೆದ ಈ ಮೂವತ್ತು ವರ್ಷಗಳ ಯುದ್ಧದಲ್ಲಿ ಸುಮಾರು 45 ಲಕ್ಷದಿಂದ 80 ಲಕ್ಷ ಜನ ಸತ್ತಿರಬಹುದೆಂದು ಅಂದಾಜಿಸಲಾಗಿದೆ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕತ್ತಿ ಕೋವಿಗಳಲ್ಲ, ಹಸಿವು ಮತ್ತು ಸಾಂಕ್ರಾಮಿಕ ರೋಗಗಳು.

ಯುದ್ಧದ ಕೊನೆಯ ಕಾಳಗವೂ ಪ್ರಾಗ್‌ನಲ್ಲಿಯೇ ನಡೆಯಿತೆಂಬುದು ವಿಧಿವಿಲಾಸ. 1648ರಲ್ಲಿ ಸ್ವೀಡನ್ನಿನ ಸೈನ್ಯ ಕೋಟೆಯ ಭಾಗವನ್ನು ವಶಪಡಿಸಿಕೊಂಡು ರುಡಾಲ್ಫನ ಕಲಾಸಂಗ್ರಹವನ್ನು ದೋಚಿತು. ಜಗತ್ತಿನ ಅತಿ ದೊಡ್ಡ ಮಧ್ಯಯುಗೀನ ಹಸ್ತಪ್ರತಿಯೆಂದು ಹೆಸರಾದ ‘ಕೋಡೆಕ್ಸ್ ಗಿಗಾಸ್’ ಅಂದು ಹೋದದ್ದು ಇಂದಿಗೂ ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಹೆಸರು ಬಂದದ್ದು ಹೀಗೆ

ಪ್ರಾಚೀನ ರೋಮನರಿಗೆ ಡಿಫೆನೆಸ್ಟ್ರೇಷನ್ ಎಂಬ ಪದ ಗೊತ್ತಿರಲಿಲ್ಲ. ದ್ರೋಹಿಗಳನ್ನು ಟಾರ್ಪಿಯನ್ ಬಂಡೆಯ ಮೇಲಿಂದ ತಳ್ಳುವ ಪದ್ಧತಿ ಅವರಲ್ಲಿತ್ತಾದರೂ ಅದು ಕಿಟಕಿಯ ಮಾತಲ್ಲ. ಲ್ಯಾಟಿನ್ ಯುರೋಪಿನ ವಿದ್ವಾಂಸರ ಹಾಗೂ ರಾಯಭಾರಿಗಳ ಸಾಮಾನ್ಯ ಭಾಷೆಯಾಗಿದ್ದ ಕಾಲದಲ್ಲಿ, ಪ್ರಾಗ್‌ನ ಘಟನೆಯನ್ನು ವರ್ಣಿಸಲು ಹಳೆಯ ಧಾತುಗಳಿಂದ ಹೊಸದಾಗಿ ಕಟ್ಟಿದ ಪದವಿದು. ಇಂಗ್ಲಿಷಿನಲ್ಲಿ 1620ರ ಸುಮಾರಿನಿಂದ ಇದರ ಬಳಕೆಗೆ ದಾಖಲೆಯಿದೆ. ಎಸೆಯುವ ಕ್ರಿಯೆಯನ್ನು ಹೇಳುವ ‘ಡಿಫೆನೆಸ್ಟ್ರೇಟ್’ ಎಂಬ ಕ್ರಿಯಾಪದ ರೂಪ ಮಾತ್ರ ಬಹಳ ತಡವಾಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಣಿಸಿಕೊಂಡಿತು.

ಪದ ಹುಟ್ಟುವ ಮೊದಲೂ ಕೃತ್ಯವಿತ್ತು. ಬೈಬಲ್ಲಿನ ರಾಣಿ ಜೆಜೆಬೆಲ್ ಸತ್ತದ್ದು ಕಿಟಕಿಯಿಂದ ಎಸೆಯಲ್ಪಟ್ಟು. ಪದ ಹುಟ್ಟಿದ ಮೇಲೂ ಕೃತ್ಯ ನಿಲ್ಲಲಿಲ್ಲ. 1640ರ ಡಿಸೆಂಬರ್ 1ರಂದು ಲಿಸ್ಬನ್ ಅರಮನೆಯಲ್ಲಿ ಬೀರುವಿನೊಳಗೆ ಅವಿತಿದ್ದ ಮಿಗೆಲ್ ಡಿ ವಾಸ್ಕೊನ್ಸೆಲೋಸ್ ಎಂಬ ಅಧಿಕಾರಿಯನ್ನು ಗುಂಡಿಕ್ಕಿ ಕಿಟಕಿಯಿಂದ ಹೊರಗೆಸೆಯಲಾಯಿತು. ಆತ ಪೋರ್ಚುಗಲ್ಲನ್ನು ಆಳುತ್ತಿದ್ದ ಸ್ಪೇನ್ ದೊರೆಯ ಪರವಾಗಿ ಅಧಿಕಾರ ನಡೆಸುತ್ತಿದ್ದವನು. ಅಂದಿನ ದಂಗೆಯಿಂದ ಪೋರ್ಚುಗಲ್ ಸ್ಪೇನಿನ ದೊರೆತನದಿಂದ ಬಿಡಿಸಿಕೊಂಡಿತು. 1580ರಿಂದ ಸ್ಪೇನ್ ದೊರೆಗಳ ಹೆಸರಿನಲ್ಲಿ ನಡೆಯುತ್ತಿದ್ದ ಗೋವೆಯ ಆಡಳಿತವೂ ಪೋರ್ಚುಗಲ್ಲಿನ ಹೊಸ ರಾಜಮನೆತನದ ಕೈಗೆ ಬಂದಿತು.

ಭಾರತದ ಇತಿಹಾಸದಲ್ಲಿ ಈ ಪದಕ್ಕೆ ಹತ್ತಿರವಾದ ಪ್ರಸಂಗವೆಂದರೆ 1562ರ ಮೇ ತಿಂಗಳಲ್ಲಿ ಆಗ್ರಾ ಕೋಟೆಯಲ್ಲಿ ನಡೆದದ್ದು. ಅಕ್ಬರನ ಸಾಕುತಾಯಿ ಮಾಹಂ ಅನಗಾಳ ಮಗ ಆಧಂ ಖಾನ್ ಅಧಿಕಾರದ ಮತ್ಸರದಿಂದ ಅತಗಾ ಖಾನ್‌ನನ್ನು ಕೊಲ್ಲಿಸಿದ. ಕ್ರುದ್ಧನಾದ ಹತ್ತೊಂಬತ್ತರ ಅಕ್ಬರ್ ಅವನನ್ನು ಮೇಲಿನ ಕಟ್ಟೆಯಿಂದ ಕೆಳಕ್ಕೆಸೆಯಲು ಆಜ್ಞಾಪಿಸಿದ. ಮೊದಲ ಬಾರಿ ಜೀವ ಹೋಗದಿದ್ದಾಗ ಮೇಲೆ ಎಳೆತಂದು ಮತ್ತೊಮ್ಮೆ ಎಸೆಯಲಾಯಿತು. ದೆಹಲಿಯ ಮೆಹ್ರೌಲಿಯಲ್ಲಿ ಅವನ ಗೋರಿ ಇಂದಿಗೂ ಇದೆ. ಆದರೆ ಕಿಟಕಿಯ ಪ್ರವೇಶವಿಲ್ಲದ್ದರಿಂದ ಪದದ ಕಟ್ಟುನಿಟ್ಟಿನ ಅರ್ಥದಲ್ಲಿ ಇದನ್ನು ಡಿಫೆನೆಸ್ಟ್ರೇಷನ್ ಎನ್ನಲಾಗದು.

ಪದವೇ ತೀರ್ಪಾದಾಗ

ಪ್ರಾಗ್‌ನ ಕಿಟಕಿಗಳ ಕಥೆ 1618ಕ್ಕೆ ಮುಗಿಯಲಿಲ್ಲ. 1948ರ ಫೆಬ್ರವರಿಯಲ್ಲಿ ಕಮ್ಯೂನಿಸ್ಟರು ಚೆಕೊಸ್ಲೊವಾಕಿಯದ ಅಧಿಕಾರವನ್ನು ವಶಪಡಿಸಿಕೊಂಡರು. ದೇಶದ ಮೊದಲ ಅಧ್ಯಕ್ಷರ ಮಗನೂ ವಿದೇಶಾಂಗ ಸಚಿವರೂ ಆಗಿದ್ದ ಯಾನ್ ಮಸಾರಿಕ್ ಸಂಪುಟದಲ್ಲಿಯೇ ಉಳಿದಿದ್ದರು. ಮಾರ್ಚ್ 10ರ ಬೆಳಗ್ಗೆ ಅವರ ಶವ ವಿದೇಶಾಂಗ ಸಚಿವಾಲಯವಿರುವ ಚೆರ್ನಿನ್ ಅರಮನೆಯ ಅಂಗಳದಲ್ಲಿ, ಸ್ನಾನದ ಕೋಣೆಯ ಕಿಟಕಿಯ ಕೆಳಗೆ, ರಾತ್ರಿಯ ಉಡುಪಿನಲ್ಲಿ ಪತ್ತೆಯಾಯಿತು.

ಆತ್ಮಹತ್ಯೆ ಎಂದಿತು ಅಂದಿನ ಸರ್ಕಾರ. ಬಹಳ ಜನ ನಂಬಲಿಲ್ಲ. ಕಮ್ಯೂನಿಸ್ಟ್ ಆಡಳಿತ ಅಳಿದ ಮೇಲೆ ನಡೆದ ಪೊಲೀಸ್ ತನಿಖೆಯೊಂದು 2000ದ ದಶಕದ ಆರಂಭದಲ್ಲಿ ಅದು ಕೊಲೆಯೆಂದು ಅಭಿಪ್ರಾಯಪಟ್ಟಿತು. 2019ರಲ್ಲಿ ಮತ್ತೆ ತೆರೆದ ತನಿಖೆ ಕೊಲೆಯೋ, ಆತ್ಮಹತ್ಯೆಯೋ, ಅಪಘಾತವೋ ಎಂಬುದನ್ನು ನಿರ್ಧರಿಸಲಾಗದೆ 2021ರಲ್ಲಿ ನಿಂತಿತು.

ಪದದ ನಿಜವಾದ ಭಾರ ತಿಳಿಯುವುದು ಇಲ್ಲಿ. ‘ಕಿಟಕಿಯಿಂದ ಬಿದ್ದು ಸಾವು’ ಎಂದರೆ ಅದೊಂದು ವರದಿ. ‘ಡಿಫೆನೆಸ್ಟ್ರೇಷನ್’ ಎಂದರೆ ಅದೊಂದು ಆರೋಪ. ಏಕೆಂದರೆ ಎಸೆಯುವಿಕೆಯೆಂಬ ಕ್ರಿಯೆಗೆ ಎಸೆದ ಕೈಯೊಂದು ಇರಲೇಬೇಕು. ಮಸಾರಿಕ್‌ರ ಸಾವನ್ನು ‘ಪ್ರಾಗ್‌ನ ಮತ್ತೊಂದು ಡಿಫೆನೆಸ್ಟ್ರೇಷನ್’ ಎಂದು ಕರೆಯುವವನು ತನಿಖಾಧಿಕಾರಿಗಳಿಗೆ ಸಾಧ್ಯವಾಗದ ತೀರ್ಪನ್ನು ಒಂದೇ ಪದದಲ್ಲಿ ನೀಡಿಬಿಡುತ್ತಾನೆ.

ಇತ್ತೀಚಿನ ವರ್ಷಗಳಲ್ಲಿ ಈ ಎಚ್ಚರದ ಅಗತ್ಯ ಮತ್ತಷ್ಟು ಹೆಚ್ಚಿದೆ. 2022ರ ಸೆಪ್ಟೆಂಬರ್ 1ರಂದು ರಷ್ಯದ ತೈಲ ಕಂಪನಿ ಲುಕಾಯಿಲ್‌ನ ಅಧ್ಯಕ್ಷ ರವಿಲ್ ಮಗಾನೋವ್ ಮಾಸ್ಕೋದ ಆಸ್ಪತ್ರೆಯೊಂದರ ಕಿಟಕಿಯಿಂದ ಬಿದ್ದು ಮೃತಪಟ್ಟಾಗ, ಆ ದೇಶದ ಇಂಥ ಇನ್ನಿತರ ಸಾವುಗಳ ನೆನಪಿನೊಂದಿಗೆ ಈ ಪದ ಪಾಶ್ಚಾತ್ಯ ಸಮೂಹ ಮಾಧ್ಯಮಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಸಂಶಯಪಡಲು ಓದುಗರಿಗೆ ಸ್ವಾತಂತ್ರ್ಯವಿದೆ. ಆದರೆ ಸಂಶಯ ಬೇರೆ, ಸಾಬೀತು ಬೇರೆ. ಅವೆರಡರ ನಡುವಿನ ಅಂತರವನ್ನು ಪದವೊಂದು ಸದ್ದಿಲ್ಲದೆ ಅಳಿಸಿಹಾಕಬಲ್ಲದು ಎಂಬುದನ್ನು ಬರೆಯುವವರೂ ಓದುವವರೂ ಮರೆಯಬಾರದು.

ಕುರ್ಚಿ, ಕಿವಿ ಮತ್ತು ಕಂಪ್ಯೂಟರ್

ಭೀಕರ ಚರಿತ್ರೆಯ ಈ ಪದ ಇಂದು ಬಹುಮಟ್ಟಿಗೆ ಆಲಂಕಾರಿಕವಾಗಿ ಬಳಕೆಯಾಗುತ್ತದೆ. ಪಕ್ಷದ ನಾಯಕನನ್ನು ಸ್ವಪಕ್ಷೀಯರೇ ಹಠಾತ್ತನೆ ಪದಚ್ಯುತಗೊಳಿಸಿದಾಗ ಬ್ರಿಟಿಷ್ ಪತ್ರಿಕೆಗಳಿಗೆ ಇದು ಪ್ರಿಯವಾದ ಪದ. ಹಾಸ್ಯಪ್ರಿಯ ಕಂಪ್ಯೂಟರ್ ತಂತ್ರಜ್ಞರ ವಲಯದಲ್ಲಿ ಇದಕ್ಕೆ ಮತ್ತೊಂದು ಅರ್ಥ ಹುಟ್ಟಿಕೊಂಡಿದೆ. ಗಣಕದಿಂದ ‘ವಿಂಡೋಸ್’ ಕಾರ್ಯಾಚರಣ ವ್ಯವಸ್ಥೆಯನ್ನು ಕಿತ್ತೊಗೆದು ಲೈನಕ್ಸ್‌ನಂಥ ಬೇರೊಂದನ್ನು ಅಳವಡಿಸುವುದೂ ಅವರ ಪಾಲಿಗೆ ಡಿಫೆನೆಸ್ಟ್ರೇಷನ್ನೇ.

ಪದದ ಅರ್ಧಭಾಗವಾದ ಫೆನೆಸ್ಟ್ರ ವೈದ್ಯರ ನಾಲಗೆಯ ಮೇಲೆ ನಿತ್ಯವೂ ಇದೆ. ಕಿವಿಯ ಒಳಭಾಗದಲ್ಲಿ ಪುಟ್ಟ ಅಂಡಾಕಾರದ ರಂಧ್ರವೊಂದಿದೆ. ಮೂಳೆಗಳಲ್ಲೆಲ್ಲ ಅತಿ ಚಿಕ್ಕದಾದ ರಿಕಾಪು ಮೂಳೆ ಅದರ ಮೇಲೆ ಕುಳಿತು ಶಬ್ದದ ಕಂಪನವನ್ನು ಒಳಗಿವಿಗೆ ದಾಟಿಸುತ್ತದೆ. ಆ ರಂಧ್ರದ ಶಾಸ್ತ್ರೀಯ ಹೆಸರು ‘ಫೆನೆಸ್ಟ್ರ ಒವಾಲಿಸ್’, ಅಂದರೆ ಅಂಡಾಕಾರದ ಕಿಟಕಿ. ಕಟ್ಟಡದಲ್ಲಿ ಕಿಟಕಿಗಳ ವಿನ್ಯಾಸಕ್ಕೆ ವಾಸ್ತುಶಿಲ್ಪಿಗಳು ‘ಫೆನೆಸ್ಟ್ರೇಷನ್’ ಎನ್ನುತ್ತಾರೆ. ಹಿಂದಿನ ‘ಡಿ’ ಒಂದನ್ನು ತೆಗೆದರೆ ಸಾಕು, ಪದ ನಿರಪಾಯಕಾರಿಯಾಗಿಬಿಡುತ್ತದೆ.

ಕನ್ನಡದಲ್ಲಿ ಇದಕ್ಕೆ ಸಮಾನಪದ ರೂಢಿಯಲ್ಲಿಲ್ಲ. ಕತ್ತಿಗೆ ಕೈಹಾಕಿ ಹೊರದಬ್ಬುವುದಕ್ಕೆ ‘ಅರ್ಧಚಂದ್ರ ಪ್ರಯೋಗ’ ಎಂಬ ಸೊಗಸಾದ ಮಾತಿದೆ. ಕೊರಳನ್ನು ಹಿಡಿಯುವ ಕೈಯ ಬಾಗು ಅರ್ಧಚಂದ್ರನನ್ನು ಹೋಲುವುದೇ ಆ ಹೆಸರಿಗೆ ಕಾರಣ. ಆದರೆ ಅದು ಬಾಗಿಲಿನಿಂದ ನಡೆಯುವ ಪ್ರಯೋಗ. ಕಿಟಕಿಗೇ ಬೇಕೆಂದರೆ ಸಂಸ್ಕೃತದ ನೆರವಿನಿಂದ ‘ಗವಾಕ್ಷಪಾತನ’ ಎಂದೋ ಆಡುಗನ್ನಡದಲ್ಲಿ ‘ಕಿಟಕಿಯೆಸೆತ’ ಎಂದೋ ಕಟ್ಟಿಕೊಳ್ಳಬಹುದು. ಅಂಥ ಪದದ ಅಗತ್ಯ ಈ ನುಡಿಗೆ ಇದುವರೆಗೆ ಬೀಳಲಿಲ್ಲವೆಂಬುದು ಸಮಾಧಾನದ ಸಂಗತಿಯೇ.

ಪ್ರಾಗ್ ಕೋಟೆಯ ಆ ಕೋಣೆ ಈಗ ಪ್ರವಾಸಿಗರಿಗೆ ತೆರೆದಿದೆ. ಕಿಟಕಿಯೂ ಇದೆ. ಕೆಳಗಿನ ಉದ್ಯಾನದಲ್ಲಿ ಮಾರ್ಟಿನಿಟ್ಸ್ ಹಾಗೂ ಸ್ಲಾವಾಟ ಬಿದ್ದ ಜಾಗಗಳನ್ನು ಸೂಚಿಸುವ ಎರಡು ಸಣ್ಣ ಕಲ್ಲಿನ ಸ್ತಂಭಗಳಿವೆ. ‘ರಾಜಭೂಮಿ’ ಎಂಬ ಪದದ ಅರ್ಥವನ್ನು ಮಾತುಕತೆಯಲ್ಲಿ ಬಗೆಹರಿಸಿಕೊಂಡಿದ್ದರೆ ಆ ಸ್ತಂಭಗಳಿಗೂ ಈ ಪದಕ್ಕೂ ಅವಕಾಶವೇ ಇರುತ್ತಿರಲಿಲ್ಲವೇನೋ.